ಹನ್ನೊಂದರ ಕರೆಗೆ ಮುಂಚೆ ಕೆರೆ ದಂಡೆ: ವಕೀಲರ ದಿನಚರಿಯಲ್ಲಿ ಹಕ್ಕಿ ನೋಡಲು ಹೊತ್ತು ಮಾಡಿಕೊಳ್ಳುವುದು ಹೇಗೆ?

ಹೊಸಕೋಟು

ಸಿವಿಲ್ ದಾವೆ, ಚೆಕ್ ಬೌನ್ಸ್, ಆಗೀಗ ಜಾಮೀನು ಅರ್ಜಿ. ವಿಚಾರಣಾ ನ್ಯಾಯಾಲಯದ ಸಾಮಾನ್ಯ ಆಫೀಸಿನ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಕೇಸು, ಅವೂ ನಾಲ್ಕೈದು ಕೋರ್ಟ್ ಹಾಲಿಗೆ ಹಂಚಿಹೋಗಿರುತ್ತವೆ. ಹನ್ನೊಂದಕ್ಕೆ ಕರೆ ಶುರು. ಸಂಜೆ ಆರರಿಂದ ಕಕ್ಷಿದಾರರು, ಒಂಬತ್ತರ ಮೇಲೆ ಡ್ರಾಫ್ಟಿಂಗ್. ಇದರ ನಡುವೆ ವಾರಕ್ಕೆ ಎರಡು ಬೆಳಿಗ್ಗೆಯಾದರೂ ಕೆರೆ ದಂಡೆಯಲ್ಲಿ ಕೂತು ಹಕ್ಕಿ ನೋಡಬೇಕೆಂದರೆ ದಿನಚರಿಯನ್ನು ಎಲ್ಲಿಂದ ಬಿಗಿ ಮಾಡಬೇಕು? ಅಲ್ಲಿ ಕೂತಾಗ "ಆ ಕೇಸಿನ ಕಡೇ ದಿನ ಇವತ್ತೇ ಇತ್ತಾ?" ಅನ್ನೋ ಪ್ರಶ್ನೆ ತಲೆಗೆ ಬರಬಾರದು. ಬಂದರೆ ದುರ್ಬೀನು ಕಣ್ಣಿಗಿದ್ದರೂ ಹಕ್ಕಿ ಕಾಣುವುದಿಲ್ಲ. ಸಲಕರಣೆ ಏನು ಬೇಕು, ಎಷ್ಟು ಹೊತ್ತು ಸಾಕು ಎಂಬುದನ್ನೂ ತಿಳಿದವರು ಹೇಳಿ.

ಕೆಂಪುಶಾಯಿ

ಬೆಳಿಗ್ಗೆಯ ಒಂದೂವರೆ ಗಂಟೆ ಸಿಗುವುದು ಹಿಂದಿನ ಸಂಜೆಯ ಮುಕ್ಕಾಲು ಗಂಟೆಯಿಂದ. ಅಲ್ಲಿಂದಲೇ ಶುರು ಮಾಡಿ.

ಕೋರ್ಟ್ ಹಾಲಿನಿಂದ ಹೊರಗೆ ಕಾಲಿಡುವ ಮೊದಲೇ ಮುಂದಿನ ತಾರೀಖನ್ನು ಡೈರಿಯಲ್ಲಿ ಬರೆಯಿರಿ. ತಾರೀಖಿನ ಜೊತೆಗೆ ಸ್ಟೇಜನ್ನು ಪೂರ್ತಿ ಮಾತಿನಲ್ಲಿ ಬರೆಯುವುದು ಬಹಳ ಮುಖ್ಯ. ಬರೀ "ಸಾಕ್ಷ್ಯ" ಅಂತ ಬರೆದರೆ ಎರಡು ತಿಂಗಳ ನಂತರ ಅದು ಯಾರ ಸಾಕ್ಷ್ಯ ಎಂದು ಕಡತ ಬಿಚ್ಚಿಯೇ ನೋಡಬೇಕಾಗುತ್ತದೆ. "ವಾದಿಯ 2ನೇ ಸಾಕ್ಷಿ, ಪಾಟಿ ಸವಾಲು ಬಾಕಿ" ಅಂತ ಬರೆದರೆ ಬಿಚ್ಚುವ ಕೆಲಸವೇ ಇಲ್ಲ. ಸಂಜೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಇರುವ ಗುರುತು ಸಂಖ್ಯೆ) ಹಾಕಿ ಒಮ್ಮೆ ತಾಳೆ ನೋಡಿ. ಆ 16 ಅಂಕಿ-ಅಕ್ಷರಗಳನ್ನು ಪ್ರತಿ ಕಡತದ ರಟ್ಟಿನ ಮೇಲೆ ದಪ್ಪಗೆ ಬರೆದಿಟ್ಟುಕೊಂಡರೆ ಜೂನಿಯರ್ ಯಾರೇ ಇದ್ದರೂ ನೋಡಬಹುದು. ಡೈರಿಗೂ ಆ್ಯಪಿಗೂ ತಾರೀಖು ಹೊಂದದಿದ್ದರೆ ಆ್ಯಪೇ ಸರಿ ಎಂದುಕೊಳ್ಳಬೇಡಿ. ಮಾರನೇ ದಿನ ಬೆಂಚ್ ಕ್ಲರ್ಕ್ ಹತ್ತಿರ ಆರ್ಡರ್ ಶೀಟ್ ನೋಡಿಯೇ ತಿದ್ದಿ.

ಆಮೇಲೆ ಮಾರನೇ ದಿನದ ಕಾಸ್ ಲಿಸ್ಟ್ (ಆ ದಿನ ಕರೆಯುವ ಕೇಸುಗಳ ಪಟ್ಟಿ) ತೆಗೆದು ಕಡತಗಳನ್ನು ಹಾಲ್‌ವಾರು ಜೋಡಿಸಿ. ಪ್ರತಿ ಕಡತದ ಮೇಲೆ ಅಂಗೈ ಅಗಲದ ಚೀಟಿ ಇರಲಿ. ಹಾಲ್ ನಂಬರು, ಪಟ್ಟಿಯ ಕ್ರಮಸಂಖ್ಯೆ, ಸ್ಟೇಜು, ಇವತ್ತು ನಾವು ಕೇಳುವುದೇನು, ಅದಕ್ಕೆ ಬೇಕಾದ ಪುಟ ಯಾವುದು, ಕಕ್ಷಿದಾರ ಬರಬೇಕಾ ಬೇಡವಾ, ಇಷ್ಟೇ. ಹನ್ನೆರಡು ಕಡತಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ. ಚೀಟಿ ಬರೆಯುವಾಗಲೇ ಪ್ರೋಸೆಸ್ ಫೀ (ಸಮನ್ಸ್, ನೋಟಿಸು ಜಾರಿಯ ಶುಲ್ಕ) ಕಟ್ಟಿಲ್ಲ, ದಾಖಲೆಯ ಪಟ್ಟಿ ಇಲ್ಲ, ವಕಾಲತ್ತಿಗೆ ಸಹಿ ಬಿದ್ದಿಲ್ಲ ಎಂಬುದೆಲ್ಲ ಗೊತ್ತಾಗುತ್ತದೆ. ಇವೇ ಬೆಳಿಗ್ಗೆ ಎಂಟಕ್ಕೆ ಗೊತ್ತಾದರೆ ಕೆರೆಯ ಹೊತ್ತನ್ನು ತಿಂದುಹಾಕುತ್ತವೆ.

ನಕಲುಅರ್ಜಿ

ಮೇಲಿನದು ದಿನದ ಡೈರಿ. ಕಡೇ ದಿನಗಳಿಗೆ ಬೇರೆಯದೇ ಪುಸ್ತಕ ಬೇಕು, ಎರಡನ್ನೂ ಒಂದರಲ್ಲೇ ಬರೆಯಬಾರದು. ಡೈರಿಯಲ್ಲಿ ಕೋರ್ಟ್ ಕೊಟ್ಟ ತಾರೀಖು ಇರುತ್ತದೆ, ಆ ದಿನ ಕೋರ್ಟೇ ನಿಮ್ಮನ್ನು ಕರೆಯುತ್ತದೆ. ಲಿಮಿಟೇಷನ್ ತಾರೀಖಿಗೆ, ಅಂದರೆ ಕಾನೂನು ಕೊಟ್ಟ ಅವಧಿ ಮುಗಿಯುವ ದಿನಕ್ಕೆ, ಯಾರೂ ಕರೆಯುವುದಿಲ್ಲ. ಅದಕ್ಕೇ ಅದು ತಪ್ಪಿಹೋಗುವುದು.

ಉದ್ದನೆಯ ರಿಜಿಸ್ಟರು ಸಾಕು. ಕಾಲಂಗಳು: ಘಟನೆ ಏನು, ನಡೆದ ತಾರೀಖು, ಆ ತಾರೀಖಿಗೆ ಪುರಾವೆ (ಅಂಚೆಯ ಟ್ರ್ಯಾಕಿಂಗ್ ಪ್ರತಿ, ಬ್ಯಾಂಕ್ ಮೆಮೊ, ನಕಲಿನ ಹಿಂದಿನ ಮುದ್ರೆ), ಕಾನೂನು ಕೊಟ್ಟ ಅವಧಿ, ಕಡೇ ದಿನ, ಆಫೀಸಿನ ದಿನ, ಸಲ್ಲಿಸಿದ ದಿನ ಮತ್ತು ಸಹಿ. ಆಫೀಸಿನ ದಿನ ಅಂದರೆ ಕಡೇ ದಿನಕ್ಕಿಂತ ಏಳು ದಿನ ಮುಂಚೆ. ಕೆಲಸವೆಲ್ಲ ಆ ದಿನವನ್ನು ನೋಡಿ ನಡೆಯಬೇಕು. ಕಾಗದ ಕೈಗೆ ಬಂದ ದಿನವೇ ಎಂಟ್ರಿ ಬೀಳಬೇಕು.

ಮೇಲ್ಮನವಿಯ ಲೆಕ್ಕದಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಲಿಮಿಟೇಷನ್ ಆ್ಯಕ್ಟ್ 12ನೇ ಕಲಮಿನಂತೆ ತೀರ್ಪು ಹೇಳಿದ ದಿನವನ್ನೂ, ಅದರ ದೃಢೀಕೃತ ನಕಲು ಪಡೆಯಲು ಬೇಕಾದ ದಿನಗಳನ್ನೂ ಬಿಟ್ಟು ಎಣಿಸಬೇಕು. ಆದರೆ ನಕಲಿಗೆ ಅರ್ಜಿ ಹಾಕುವ ಮುಂಚೆ ಡಿಕ್ರಿ (ತೀರ್ಪಿನಂತೆ ಬರೆಯುವ ಆದೇಶಪತ್ರ) ತಯಾರಾಗಲು ಹಿಡಿದ ದಿನಗಳನ್ನು ಬಿಡುವ ಹಾಗಿಲ್ಲ, ಅದೇ ಕಲಮಿನ ವಿವರಣೆಯೇ ಹಾಗೆ ಹೇಳುತ್ತದೆ. ಮಾರ್ಚ್ 3ರಂದು ತೀರ್ಪು, ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ, 30 ದಿನದ ಅವಧಿ ಎಂದಿಟ್ಟುಕೊಳ್ಳಿ. ಮಾರ್ಚ್ 10ಕ್ಕೆ ಅರ್ಜಿ ಹಾಕಿದಿರಿ, 24ಕ್ಕೆ ನಕಲು ಸಿದ್ಧವಾಯಿತು. ಮಾರ್ಚ್ 4ರಿಂದ ಎಣಿಸಿದರೆ 30ನೇ ದಿನ ಏಪ್ರಿಲ್ 2. ಅದಕ್ಕೆ 10ರಿಂದ 24ರವರೆಗಿನ 15 ದಿನ ಸೇರಿಸಿ, ಕಡೇ ದಿನ ಏಪ್ರಿಲ್ 17. ತೀರ್ಪಿನ ದಿನವೇ ಅರ್ಜಿ ಹಾಕಿದ್ದರೆ, ನಕಲು ಅದೇ 24ಕ್ಕೆ ಬಂದಿದ್ದರೂ ಏಪ್ರಿಲ್ 23ರವರೆಗೆ ಸಮಯ ಇರುತ್ತಿತ್ತು. ಆರು ದಿನ ಸುಮ್ಮನೆ ಕರಗಿಹೋದವು. ಹಾಗಾಗಿ ತೀರ್ಪಿನ ದಿನ ಕಡತದೊಳಗೆ ತುಂಬಿದ ಕಾಪಿ ಅರ್ಜಿ ಸಿದ್ಧವಾಗಿ ಇರಲಿ, ಗೆದ್ದರೂ ಸೋತರೂ. ನಕಲು ಸಿದ್ಧ ಎಂದ ಮೇಲೆ ತಡವಾಗಿ ಹೋಗಿ ತಂದ ದಿನಗಳೂ ನಮ್ಮ ಲೆಕ್ಕಕ್ಕೇ ಬೀಳುತ್ತವೆ.

ಹೈಕೋರ್ಟಿಗೆ ಮೇಲ್ಮನವಿಯಾದರೆ 90 ದಿನ. ಎಕ್ಸ್‌ಪಾರ್ಟಿ ಡಿಕ್ರಿ (ಒಂದು ಪಕ್ಷ ಹಾಜರಿಲ್ಲದಾಗ ಆದದ್ದು) ರದ್ದು ಮಾಡಿಸಲು 30 ದಿನ. ಪ್ರತಿವಾದಿಯ ಲಿಖಿತ ಹೇಳಿಕೆಗೆ ಸಮನ್ಸ್ ಜಾರಿಯಾದ ದಿನದಿಂದ 30 ದಿನ, ಕಾರಣ ತೋರಿಸಿದರೆ 90ರವರೆಗೆ. ವಾಣಿಜ್ಯ ದಾವೆಯಲ್ಲಿ 120 ದಿನ ದಾಟಿತೋ ಹಕ್ಕೇ ಹೋಯಿತು, ಅಲ್ಲಿ ಯಾವ ದಯೆಯೂ ಇಲ್ಲ. ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಮಾಡಬೇಡಿ ಎಂದು ಮುಂಚೆಯೇ ಹಾಕಿಡುವ ಅರ್ಜಿ) 90 ದಿನಕ್ಕೆ ಸತ್ತುಹೋಗುತ್ತದೆ, 85ನೇ ದಿನಕ್ಕೆ ಕೆಂಪು ಗುರುತು ಹಾಕಿಡಿ.

ಇನ್ನೊಂದು. ಪಕ್ಷಕಾರರು ತೀರಿಕೊಂಡರೆ ವಾರಸುದಾರರನ್ನು ದಾಖಲೆಗೆ ತರಲು ಸಾವಿನ ದಿನದಿಂದ 90 ದಿನ. ಎಷ್ಟೋ ಮನೆಯವರಿಗೆ ಅದನ್ನು ವಕೀಲರಿಗೆ ತಿಳಿಸಬೇಕು ಎಂಬುದೇ ಗೊತ್ತಿರುವುದಿಲ್ಲ. ಮೂರು ತಿಂಗಳಿಗೊಮ್ಮೆ ಹಳೆಯ ಪಾಲುವಿಭಾಗದ ಕೇಸುಗಳ ಕಕ್ಷಿದಾರರಿಗೆಲ್ಲ ಒಂದು ಫೋನ್ ಮಾಡಿಸಿ, ಎಲ್ಲರೂ ಹೇಗಿದ್ದಾರೆ ಎಂದು ಕೇಳಿಸಿ.

ಹೊಸಕೋಟು

ಬಹಳ ಉಪಕಾರ ಆಯ್ತು ಸರ್. ಚೆಕ್ ಕೇಸಿನ ಲೆಕ್ಕವನ್ನೂ ಇದೇ ರೀತಿ ತಾರೀಖು ಹಾಕಿ ತೋರಿಸಿದರೆ ಒಳ್ಳೆಯದು. ಒಂದು ತಿಂಗಳು ಅಂದರೆ 30 ದಿನವೋ ಅಲ್ಲವೋ ಎಂಬಲ್ಲೇ ಗೊಂದಲ.

ನಕಲುಅರ್ಜಿ

ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದದ್ದು ಜೂನ್ 10 ಎಂದುಕೊಳ್ಳಿ. ನೋಟಿಸಿಗೆ 30 ದಿನ, ಜುಲೈ 10ರೊಳಗೆ ಕಳಿಸಿರಬೇಕು. ಎದುರಾಳಿಗೆ ನೋಟಿಸು ಮುಟ್ಟಿದ್ದು ಜುಲೈ 14. ಹಣ ಕೊಡಲು 15 ದಿನ, ಜುಲೈ 29ಕ್ಕೆ ಮುಗಿಯಿತು. 30ನೇ ತಾರೀಖು ವ್ಯಾಜ್ಯ ಕಾರಣ ಹುಟ್ಟುತ್ತದೆ. ಆ ದಿನವನ್ನು ಬಿಟ್ಟು ಒಂದು ತಿಂಗಳು, ಅಂದರೆ ಆಗಸ್ಟ್ 30ರವರೆಗೆ ದೂರು ಸಲ್ಲಿಸಬಹುದು. ಇಲ್ಲಿ ತಿಂಗಳೆಂದರೆ ಕ್ಯಾಲೆಂಡರ್ ತಿಂಗಳೇ, 30 ದಿನ ಅಲ್ಲ. ನೋಟಿಸಿಗೆ, ಹಣ ಕೊಡುವ ಅವಧಿಗೆ ಮಾತ್ರ ದಿನದ ಲೆಕ್ಕ. ರಿಜಿಸ್ಟರಿನಲ್ಲಿ ಆಫೀಸಿನ ದಿನ ಆಗಸ್ಟ್ 23 ಎಂದಿರಲಿ. ಅವಸರಪಟ್ಟು 15 ದಿನ ಮುಗಿಯುವ ಮುಂಚೆ ಸಲ್ಲಿಸಿದರೂ ದೂರು ನಿಲ್ಲುವುದಿಲ್ಲ. ಹಾಗಾಗಿ ರಿಜಿಸ್ಟರಿನಲ್ಲಿ "ಇದಕ್ಕಿಂತ ಮುಂಚೆ ಬೇಡ" ಎಂಬ ತಾರೀಖೂ ಬೇಕು.

ಬೆಂಚುಮೂಲೆ

ಕ್ರಿಮಿನಲ್ ಕಡೆಯವರಿಗೆ ಒಂದು ಎಚ್ಚರಿಕೆ. ಮೇಲಿನ ಲೆಕ್ಕದಲ್ಲಿ ಮೊದಲ ದಿನ ಬಿಡುತ್ತೇವೆ. ಡಿಫಾಲ್ಟ್ ಜಾಮೀನಿನ (ಅವಧಿಯೊಳಗೆ ದೋಷಾರೋಪ ಪಟ್ಟಿ ಬೀಳದಿದ್ದರೆ ಆರೋಪಿಗೆ ಸಿಗುವ ಜಾಮೀನು) 60 ಅಥವಾ 90 ದಿನದ ಲೆಕ್ಕದಲ್ಲಿ ರಿಮ್ಯಾಂಡ್ ಮಾಡಿದ, ಅಂದರೆ ಆರೋಪಿಯನ್ನು ಕಸ್ಟಡಿಗೆ ಒಪ್ಪಿಸಿದ, ದಿನವೂ ಸೇರುತ್ತದೆ, 2023ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಾಗೆ ಹೇಳಿದೆ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 187ನೇ ಕಲಮು. ದೋಷಾರೋಪ ಪಟ್ಟಿ ಬೀಳುವ ಮುಂಚೆ ಅರ್ಜಿ ಬಿದ್ದಿರಬೇಕು. ಅಂಥ ತಾರೀಖು ಇರುವ ಬೆಳಿಗ್ಗೆ ಕೆರೆ ಕಡೆ ಹೋಗಬೇಡಿ, ಅರ್ಜಿ ಹಿಡಿದು ಕೋರ್ಟಿನ ಬಾಗಿಲಲ್ಲಿರಿ.

ಕೆರೆಯಂಗಳ

ಈಗ ಕೆರೆಯ ಮಾತು.

ಬೆಳಿಗ್ಗೆ ಹೋಗುವವರು ಕೆರೆಯ ಪೂರ್ವದ ದಂಡೆ ಹಿಡಿಯಿರಿ. ಸೂರ್ಯ ಬೆನ್ನ ಹಿಂದೆ ಇರಬೇಕು. ಪಶ್ಚಿಮದ ದಂಡೆಯಲ್ಲಿ ನಿಂತರೆ ನೀರಿನ ಮೇಲಿನದೆಲ್ಲ ಕಪ್ಪು ಆಕೃತಿ, ಕಾಲಿನ ಬಣ್ಣವೂ ಇಲ್ಲ, ಕೊಕ್ಕಿನ ಬಣ್ಣವೂ ಇಲ್ಲ. ಮೊದಲ ವಾರಗಳಲ್ಲಿ "ನನಗೆ ಹಕ್ಕಿ ಗುರುತೇ ಸಿಗುತ್ತಿಲ್ಲ" ಎಂದು ಬೇಸರಪಡುವ ಎಷ್ಟೋ ಜನ ಬೆಳಕಿಗೆ ಎದುರಾಗಿ ನಿಂತಿರುತ್ತಾರೆ. ಜಾಗ ಬದಲಿಸಿದರೆ ಅರ್ಧ ತೊಂದರೆ ಹೋಗುತ್ತದೆ.

ವಕೀಲರು ಮಾಡುವ ತಪ್ಪು ಬೇರೊಂದಿದೆ. ಅಲ್ಲಿಂದ ನೇರ ಆಫೀಸಿಗೆ ಎಂದು ಬಿಳಿ ಅಂಗಿ ಹಾಕಿಕೊಂಡೇ ಬರುತ್ತಾರೆ. ಬೆಳಗಿನ ಬಿಸಿಲಿಗೆ ಬಿಳಿ ಬಟ್ಟೆ ದೂರದಿಂದಲೇ ಹೊಳೆಯುತ್ತದೆ, ಕೈ ಎತ್ತಿದ ಕೂಡಲೇ ಹಕ್ಕಿ ತಲೆ ಎತ್ತುತ್ತದೆ. ಮೇಲೊಂದು ಮಣ್ಣು ಬಣ್ಣದ್ದೋ ಒಣ ಹುಲ್ಲಿನ ಬಣ್ಣದ್ದೋ ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಕೋಟು, ಬ್ಯಾಂಡು ಗಾಡಿಯಲ್ಲೇ ಇರಲಿ.

ದುರ್ಬೀನು 8×42 ತೆಗೆದುಕೊಳ್ಳಿ. 8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25, ಅಷ್ಟು ಮಿಲಿಮೀಟರಿನ ಬೆಳಕಿನ ವೃತ್ತ ಕಣ್ಣಿಗೆ ಬರುತ್ತದೆ, ನಸುಬೆಳಕಿಗೆ ಅದು ಸಾಕು. 10×50 ಭಾರ, ಬರಿಗೈಯಲ್ಲಿ ಅಲುಗುತ್ತದೆ. 8×25ರಂಥ ಜೇಬಿನ ದುರ್ಬೀನು ಆರೂವರೆಯ ಬೆಳಕಿಗೆ ಮಂಕು. ಕನ್ನಡಕ ಹಾಕುವವರು ಐ ರಿಲೀಫ್ (ಕಣ್ಣಿಗೂ ಹಿಂದಿನ ಗಾಜಿಗೂ ಇರಬಹುದಾದ ದೂರ) 16 ಮಿಲಿಮೀಟರಿಗೆ ಕಡಿಮೆ ಇಲ್ಲದ್ದನ್ನು ನೋಡಿ, ಕಣ್ಣಿನ ಕಡೆಯ ರಬ್ಬರನ್ನು ಒಳಗೆ ಮಡಿಸಿಯೇ ಬಳಸಿ.

ಹೊಂದಿಸುವುದು ಹೀಗೆ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ದೂರದ ಒಂದು ಬೋರ್ಡೋ ಕೊಂಬೆಯೋ ಎಡಗಣ್ಣಿಗೆ ಚೂಪಾಗಿ ಕಾಣುವಂತೆ ಮಾಡಿ. ಈಗ ಎಡಗಣ್ಣು ಮುಚ್ಚಿ, ನಡುಚಕ್ರ ಮುಟ್ಟದೆ ಬಲಗಣ್ಣಿನ ಬಳಿಯ ಉಂಗುರವನ್ನು ಮಾತ್ರ ತಿರುಗಿಸಿ ಅದೇ ವಸ್ತುವನ್ನು ಚೂಪು ಮಾಡಿ. ಉಂಗುರ ನಿಂತ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಇನ್ನು ಮೇಲೆ ನಡುಚಕ್ರ ಒಂದೇ ಸಾಕು. ಇದನ್ನು ಮಾಡದವರಿಗೆ ಅರ್ಧ ಗಂಟೆಗೆ ತಲೆನೋವು ಶುರುವಾಗುತ್ತದೆ, ಬೈಗುಳ ದುರ್ಬೀನಿಗೆ ಬೀಳುತ್ತದೆ.

ಹಕ್ಕಿ ಕಂಡಾಗ ಕಣ್ಣನ್ನು ಅದರ ಮೇಲಿಂದ ತೆಗೆಯಬೇಡಿ, ತಲೆ ಅಲುಗಿಸಬೇಡಿ, ದುರ್ಬೀನನ್ನು ಮಾತ್ರ ಕಣ್ಣಿಗೆ ತನ್ನಿ. ಕೆಳಗೆ ನೋಡಿ, ದುರ್ಬೀನು ಎತ್ತಿ, ಮತ್ತೆ ಹುಡುಕಿದರೆ ಅಷ್ಟರಲ್ಲಿ ಅದು ಹೋಗಿರುತ್ತದೆ.

ಕೂತ ಮೇಲೆ ಮೊದಲ ಹತ್ತು ನಿಮಿಷ ಏನನ್ನೂ ಹುಡುಕಬೇಡಿ. ದಂಡೆಯ ಜೊಂಡಿನಲ್ಲಿ ಅಡಗಿದ ಜಂಬುಕೋಳಿ ಹೊರಬರಲು ಅಷ್ಟು ಹೊತ್ತು ಬೇಕೇ ಬೇಕು. ನೀವು ತೀರಾ ಹತ್ತಿರ ಹೋಗಿದ್ದರೆ ಹಕ್ಕಿಯೇ ತೋರಿಸಿಕೊಡುತ್ತದೆ: ಮೇಯುವುದು ನಿಲ್ಲಿಸುತ್ತದೆ, ಕತ್ತು ಉದ್ದ ಮಾಡುತ್ತದೆ, ಆಮೇಲೆ ನಡೆದು ದೂರವಾಗುತ್ತದೆ. ಕತ್ತು ಉದ್ದವಾದಾಗಲೇ ನಿಲ್ಲಿ. ಟಿಟ್ಟಿಭ ಎದ್ದು ಕೂಗಿಕೊಂಡು ತಲೆಯ ಮೇಲೆ ಸುತ್ತಿದರೆ ಅಲ್ಲಿಂದ ಹಿಂದಕ್ಕೆ ಬನ್ನಿ. ಅದರ ಮೊಟ್ಟೆ ಬಯಲು ನೆಲದ ಮೇಲೇ ಇರುತ್ತದೆ, ಬೆಣಚುಕಲ್ಲಿನ ಹಾಗೇ ಕಾಣುವುದರಿಂದ ಕಾಲಡಿ ಬೀಳುವ ಭಯ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಗೂಡಿನ ಮುಂದೆ ನಿಂತು ಫೋಟೊ ತೆಗೆಯುವುದು ಖಂಡಿತ ಬೇಡ.

ಬೆಂಚುಮೂಲೆ

ಒಪ್ಪಿದೆ. ಆದರೆ ಪಾಟಿ ಸವಾಲು ಇರುವ ದಿನ ಬೆಳಿಗ್ಗೆ ಹೋಗುವುದು ತಪ್ಪು ಅಂತ ನನ್ನ ಅಭಿಪ್ರಾಯ. ಆ ಬೆಳಿಗ್ಗೆ ಕಡತದ ಜೊತೆಗೇ ಇರಬೇಕು.

ನಿಶಾನೆಪಿ1

ಇಲ್ಲಿ ಭಿನ್ನಾಭಿಪ್ರಾಯ ಇದೆ ಸರ್. ಪಾಟಿ ಸವಾಲಿನ ಹಾಳೆ ಹಿಂದಿನ ರಾತ್ರಿಯೇ ಮುಗಿದಿರಬೇಕು. ಮುಗಿದಿದ್ದರೆ ಆ ಬೆಳಿಗ್ಗೆ ಮತ್ತೆ ಕಡತ ಓದುವುದು ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಹೆಚ್ಚು ಮಾಡುತ್ತದೆ, ಬೇಡದ ಹೊಸ ಪ್ರಶ್ನೆಗಳು ಹುಟ್ಟಿಕೊಳ್ಳುತ್ತವೆ. ಮುಗಿದಿಲ್ಲದಿದ್ದರೆ ನೀವು ಹೇಳಿದ್ದೇ ಸರಿ, ಕೆರೆ ಬೇಡ.

ಹಾಳೆ ಹೀಗಿರಲಿ. ಎ4 ಕಾಗದವನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ. ಎಡಗಡೆ ಸಾಕ್ಷಿಯ ಬಾಯಿಂದ ಬರಬೇಕಾದ ಸಂಗತಿ, ಒಂದು ಸಾಲಿಗೆ ಒಂದೇ ಸಂಗತಿ. ನಡುವೆ ಅದರ ಮೂಲ: ವಾದಪತ್ರದ ಪ್ಯಾರಾ, ಪ್ರಮಾಣಪತ್ರದ ಪ್ಯಾರಾ, ಇಲ್ಲವೇ ನಿ.ಪಿ.4 (ವಾದಿಯ ಕಡೆಯಿಂದ ಗುರುತಾದ 4ನೇ ದಾಖಲೆ), ಪುಟ 2, ಮೇಲಿನಿಂದ 6ನೇ ಸಾಲು. ಬಲಗಡೆ ಖಾಲಿ, ಅಲ್ಲಿ ಸಾಕ್ಷಿ ಕೊಟ್ಟ ಉತ್ತರ ಅವರದೇ ಮಾತಿನಲ್ಲಿ. "1998ರಲ್ಲಿ ವಿಭಾಗವಾಗಿ ನೀವು ಬೇರೆ ಮನೆ ಕಟ್ಟಿಕೊಂಡು ಕಂದಾಯ ನಿಮ್ಮ ಹೆಸರಿಗೆ ಮಾಡಿಸಿಕೊಂಡಿರಿ ಅಲ್ಲವೇ" ಎಂಬುದು ಒಂದು ಪ್ರಶ್ನೆ ಅಲ್ಲ, ಮೂರು. ಸಾಕ್ಷಿ "ಇಲ್ಲ" ಅಂದರೆ ಯಾವುದಕ್ಕೆ ಇಲ್ಲ ಎಂದು ಮೇಲ್ಮನವಿಯಲ್ಲಿ ಯಾರಿಗೂ ತಿಳಿಯದು. ಒಡೆದು ಕೇಳಿ.

ಟೈಪಾದ ಹೇಳಿಕೆಯನ್ನು ಸಾಕ್ಷಿ ಸಹಿ ಮಾಡುವ ಮುಂಚೆ ಬಲಗಡೆಯ ಕಾಲಂ ಜೊತೆ ಸಾಲು ಸಾಲಾಗಿ ತಾಳೆ ನೋಡಿ. "ಗೊತ್ತಿಲ್ಲ" ಎಂದದ್ದು "ಇಲ್ಲ" ಎಂದು ಟೈಪಾಗಿದ್ದರೆ ಅಲ್ಲೇ ಎದ್ದು ಹೇಳಬೇಕು. ತಿಂಗಳಾದ ಮೇಲೆ ಹೇಳಿದರೆ ಕೇಳುವವರಿಲ್ಲ.

ಹಕ್ಕಿಯ ಟಿಪ್ಪಣಿಗೂ ಇದೇ ಶಿಸ್ತು ಬೇಕು. ಪುಸ್ತಕ ಬಿಚ್ಚುವ ಮುಂಚೆ ಬರೆಯಿರಿ. ಗಾತ್ರ ಗುಬ್ಬಿಯಷ್ಟೋ, ಮೈನಾದಷ್ಟೋ, ಪಾರಿವಾಳದಷ್ಟೋ, ಕಾಗೆಯಷ್ಟೋ. ಕೊಕ್ಕಿನ ಆಕಾರ, ಕಾಲಿನ ಬಣ್ಣ, ಏನು ಮಾಡುತ್ತಿತ್ತು, ನೀರಿನೊಳಗಿತ್ತೋ ಕೆಸರಿನ ಅಂಚಿನಲ್ಲೋ. ಚಿತ್ರ ನೋಡಿದ ಮೇಲೆ ಬರೆದರೆ ಕಣ್ಣು ಕಂಡದ್ದಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ, ಇಲ್ಲದ ಹುಬ್ಬಿನ ಗೆರೆಯೂ ನೆನಪಿಗೆ ಬಂದುಬಿಡುತ್ತದೆ. ಕಂಡದ್ದನ್ನು "ಕಂಡಿತು" ಎಂದೂ, ಬರೀ ಕೂಗು ಕೇಳಿದ್ದನ್ನು "ಕೇಳಿತು" ಎಂದೂ ಬೇರೆ ಬೇರೆ ಬರೆಯಿರಿ.

ಹೊಸಕೋಟು

ಬೆಳ್ಳಕ್ಕಿಗಳ ವಿಷಯದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಎಲ್ಲವೂ ಬಿಳಿ. ಗಾತ್ರ ನೋಡಿ ಹೇಳೋಣ ಎಂದರೆ ಒಂದೇ ಒಂದು ನಿಂತಿದ್ದಾಗ ಹೋಲಿಸಲು ಏನೂ ಇರುವುದಿಲ್ಲ.

ಗುಳುಮುಳುಕ

ಗಾತ್ರ ಕೊನೆಗಿರಲಿ. ಮೊದಲು ಕೊಕ್ಕು ನೋಡಿ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿಯಾಗಿದ್ದರೆ ಅದು ಚಿಕ್ಕ ಬೆಳ್ಳಕ್ಕಿ. ಪಾದ ನೀರಿನಲ್ಲಿ ಮುಳುಗಿದ್ದರೆ ಕಾಯಿರಿ, ಹೆಜ್ಜೆ ಎತ್ತಿದಾಗ ಹಳದಿ ಬೆರಳುಗಳು ಸ್ಪಷ್ಟವಾಗಿ ಕಾಣುತ್ತವೆ. ಕೊಕ್ಕು ಗಿಡ್ಡ, ಹಳದಿ, ಕತ್ತು ದಪ್ಪ, ದನಗಳ ಕಾಲಬುಡದಲ್ಲಿ ಓಡಾಡುತ್ತಿದ್ದರೆ ಗೋವಕ್ಕಿ. ಮಳೆ ಶುರುವಾಗುವ ಹೊತ್ತಿಗೆ ಅದರ ತಲೆ, ಕತ್ತಿಗೆ ಕಿತ್ತಳೆ ಬಣ್ಣ ಬರುತ್ತದೆ, ಆಗ ಅನುಮಾನವೇ ಇಲ್ಲ.

ಕಷ್ಟ ಇರುವುದು ಮಧ್ಯಮ ಬೆಳ್ಳಕ್ಕಿ, ದೊಡ್ಡ ಬೆಳ್ಳಕ್ಕಿಗಳ ನಡುವೆ. ಎರಡಕ್ಕೂ ಚಳಿಗಾಲದಲ್ಲಿ ಹಳದಿ ಕೊಕ್ಕು. ಬಾಯಿಯ ಗೆರೆ ನೋಡಿ. ಕೊಕ್ಕು ಸೇರುವ ಸಂದಿನಿಂದ ಒಂದು ಸಣ್ಣ ಗೆರೆ ಮುಖದ ಮೇಲೆ ಹಿಂದಕ್ಕೆ ಹೋಗುತ್ತದೆ. ಅದು ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಕಣ್ಣನ್ನು ದಾಟಿ ಹಿಂದೆ ಹೋದರೆ ದೊಡ್ಡದು. ಮೂವತ್ತು ಮೀಟರಿನಿಂದ, ಬೆಳಕು ಬೆನ್ನಿಗಿದ್ದರೆ 8×42ರಲ್ಲಿ ಈ ಗೆರೆ ಕಾಣುತ್ತದೆ. ದೊಡ್ಡದರ ಕತ್ತಿನ ನಡುವೆ ಮುರಿದಂತೆ ಒಂದು ಗಂಟೂ ಇರುತ್ತದೆ.

ಕೆಸರಂಚಿನ ಗದ್ದೆಗೊರವಗಳೂ (ಇಂಗ್ಲಿಷಿನ ಸ್ಯಾಂಡ್‌ಪೈಪರ್) ಹೀಗೇ ತಲೆ ಕೆಡಿಸುತ್ತವೆ. ಹಿಂಭಾಗವನ್ನು ಬಿಡುವಿಲ್ಲದೆ ಕುಣಿಸುತ್ತಾ, ಭುಜದ ಮುಂದೆ ಬಿಳಿಯ ಬೆಣೆಯಂಥ ಗುರುತು ಇದ್ದರೆ ಸಾಮಾನ್ಯ ಗದ್ದೆಗೊರವ. ಬೆನ್ನ ತುಂಬ ಚುಕ್ಕೆ, ಕಣ್ಣ ಮೇಲೆ ಉದ್ದನೆಯ ತಿಳಿ ಹುಬ್ಬು, ಹಳದಿಯಾದ ಕಾಲು ಇದ್ದರೆ ಅಡವಿ ಗದ್ದೆಗೊರವ. ಇವೆರಡನ್ನು ಒಂದು ಚಳಿಗಾಲದಲ್ಲಿ ಗಟ್ಟಿ ಮಾಡಿಕೊಳ್ಳಿ, ಉಳಿದವು ತಾವಾಗಿ ಬರುತ್ತವೆ.

ಎಣಿಸುವುದನ್ನೂ ಬಿಡಬೇಡಿ. ಇ-ಬರ್ಡ್‌ನಲ್ಲಿ (ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಆ್ಯಪ್) ಒಂದೇ ಜಾಗದಲ್ಲಿ ಕೂತು 15 ನಿಮಿಷದ್ದೊಂದು ಪಟ್ಟಿ ಮಾಡಿ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಸಂಖ್ಯೆ ಸಮೇತ ಹಾಕಿ. "ಗೋವಕ್ಕಿ ಬಹಳ" ಎಂದರೆ ಯಾರಿಗೂ ಉಪಯೋಗವಿಲ್ಲ, 34 ಎಂದರೆ ಉಪಯೋಗ. ಗುಂಪು ದೊಡ್ಡದಾದರೆ ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿ, ಅಂಥ ಎಷ್ಟು ಜಾಗ ಇದೆ ಎಂದು ಲೆಕ್ಕ ಹಾಕಿ. ಗುರುತು ಸಿಗದ್ದನ್ನು ಊಹಿಸಿ ಹಾಕಬೇಡಿ.

ತೇಲುಬೆಂಡು

ಕೆರೆ ದಂಡೆ ಎಂದಾಗ ಗಾಳ ಹಾಕುವವರನ್ನೂ ಸೇರಿಸಿಕೊಳ್ಳಿ. ಕಾಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕೋರ್ಟ್ ಇರುವ ಬೆಳಿಗ್ಗೆಗೆ ಹೊಂದುವುದಿಲ್ಲ. ಕೈಗೆ ವಾಸನೆ ಹತ್ತುತ್ತದೆ, ದಾರ ಸಿಕ್ಕಾದರೆ ಇಪ್ಪತ್ತು ನಿಮಿಷ ಹೋಗುತ್ತದೆ. ಭಾನುವಾರಕ್ಕೆ ಇಟ್ಟುಕೊಳ್ಳಿ.

ಮೊದಲ ಕೆಲಸ ಅನುಮತಿ. ಕೆರೆಯ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಗುತ್ತಿಗೆ ಕೊಟ್ಟಿರುತ್ತದೆ, ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಬೇಕು. ಪಕ್ಷಿಧಾಮದ ನೀರಿನಲ್ಲಿ ಹಾಕಲೇಬಾರದು.

ಎರಡನೆಯದು ಆಳ ಅಳೆಯುವುದು. ಹೆಚ್ಚಿನವರು ಇದನ್ನು ಮಾಡದೆ ಬೆಳಗ್ಗೆಯೆಲ್ಲ ಖಾಲಿ ಕೂರುತ್ತಾರೆ. ಗಾಳದ ಕೊಕ್ಕೆಗೆ ಒಂದು ಭಾರದ ಸೀಸ ಸಿಕ್ಕಿಸಿ ಎಸೆಯಿರಿ. ಬೆಂಡು ಪೂರ್ತಿ ಮುಳುಗಿದರೆ ಬೆಂಡಿನಿಂದ ಕೊಕ್ಕೆಯವರೆಗಿನ ದಾರ ಗಿಡ್ಡವಾಯಿತು, ಬೆಂಡು ಮಲಗಿದರೆ ಉದ್ದವಾಯಿತು. ತುದಿ ಮಾತ್ರ ಮೇಲೆ ಕಾಣುವಂತೆ ಬೆಂಡನ್ನು ಸರಿಸಿ, ಆಮೇಲೆ ಭಾರದ ಸೀಸ ತೆಗೆದು ಬೆಂಡು ನೆಟ್ಟಗೆ ನಿಲ್ಲುವಷ್ಟು ಸಣ್ಣ ಸೀಸದ ಮಣಿಗಳನ್ನು ದಾರಕ್ಕೆ ಕಚ್ಚಿಸಿ. ತಳಮೀನಿಗೆ ಎರೆ ನೆಲ ಮುಟ್ಟಿರಬೇಕು. ಕತ್ತರಿಸಿದ ನೈಲಾನ್ ದಾರದ ಒಂದು ತುಂಡನ್ನೂ ದಂಡೆಯಲ್ಲಿ ಬಿಡಬೇಡಿ. ನೀರುಕಾಗೆಯ ಕಾಲಿಗೆ ಸುತ್ತಿಕೊಂಡರೆ ಅದು ಉಪವಾಸ ಬಿದ್ದು ಸಾಯುತ್ತದೆ.

ಕೆರೆಯಂಗಳ

ದಾರದ ಮಾತು ಎತ್ತಿದ್ದಕ್ಕೆ ಧನ್ಯವಾದ. ದಂಡೆಗೆ ಹೋಗುವವರೆಲ್ಲ ಒಂದು ಸಣ್ಣ ಚೀಲ ಇಟ್ಟುಕೊಳ್ಳಿ, ಸಿಕ್ಕ ದಾರ ಎತ್ತಿಕೊಂಡು ಬನ್ನಿ.

ಕೃತ್ತಿಕೆ

ಬೆಳಿಗ್ಗೆ ಏಳಲಾಗದವರಿಗೆ ರಾತ್ರಿ ಇದೆ. ಆಫೀಸು ಮುಚ್ಚುವುದು ಒಂಬತ್ತೂವರೆಗೆ ಎಂದರೆ ನವೆಂಬರಿನಿಂದ ಫೆಬ್ರುವರಿವರೆಗೆ ಆಕಾಶ ಶುಭ್ರ, ಅದೇ 8×42 ಸಾಕು. ಕಣ್ಣು ಕತ್ತಲೆಗೆ ಹೊಂದಲು 20ರಿಂದ 30 ನಿಮಿಷ ಬೇಕು. ನಡುವೆ ಒಂದು ಸಲ ಮೊಬೈಲ್ ನೋಡಿದರೂ ಮತ್ತೆ ಮೊದಲಿನಿಂದ. ಕೆಂಪು ಬೆಳಕಿನ ಟಾರ್ಚ್ ಬಳಸಿ. ಅಮಾವಾಸ್ಯೆಯ ಆಚೀಚೆ ಐದೈದು ದಿನ ಆರಿಸಿಕೊಳ್ಳಿ. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರೇಳು ನಕ್ಷತ್ರ ಕಂಡರೆ ದುರ್ಬೀನಿನಲ್ಲಿ ಹತ್ತಾರು ಕಾಣುತ್ತವೆ. ಗುರುಗ್ರಹ ಮೇಲಿದ್ದಾಗ ಮೊಣಕೈಗಳನ್ನು ಗೋಡೆಗೆ ಊರಿ ಅಲುಗದೆ ಹಿಡಿದರೆ ಪಕ್ಕದಲ್ಲಿ ಸಾಲಾಗಿ ಚುಕ್ಕಿಯಂಥ ಉಪಗ್ರಹಗಳು ಕಾಣುತ್ತವೆ. ಅವುಗಳ ಜಾಗವನ್ನು ಗೀಚಿಟ್ಟುಕೊಂಡು ಮಾರನೇ ರಾತ್ರಿ ಮತ್ತೆ ನೋಡಿ, ಬದಲಾಗಿರುತ್ತದೆ.

ಕೆಂಪುಶಾಯಿ

ಕೋರ್ಟ್ ರಜೆಗಳನ್ನೂ ಇದಕ್ಕೆ ಹೊಂದಿಸಿಕೊಳ್ಳಿ. ದಸರಾ ರಜೆಯ ಹೊತ್ತಿಗೆ ವಲಸೆ ಹಕ್ಕಿಗಳು ಬರಲು ಶುರುವಾಗಿರುತ್ತವೆ, ಡಿಸೆಂಬರ್ ಕೊನೆಯ ರಜೆಗೆ ತುಂಬಿರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವುದು ಆ ಕಾಲದಲ್ಲೇ. ಅವು ಹೊಲಗಳಲ್ಲಿ ಮೇದು ಹಗಲಿಗೆ ಕೆರೆಗೆ ಮರಳಿ ವಿಶ್ರಮಿಸುತ್ತವೆ, ಆ ಮರಳುವ ಹೊತ್ತು ನೋಡಲೇಬೇಕು. 2024ರಲ್ಲಿ ಆ ಕೆರೆ ರಾಮ್‌ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಮೇ ತಿಂಗಳ ಬೇಸಿಗೆ ರಜೆಯಲ್ಲಿ ವಲಸೆ ಹಕ್ಕಿಗಳು ಹೋಗಿಬಿಟ್ಟಿರುತ್ತವೆ. ಆಗ ಊರ ಕೆರೆಯ ನಿವಾಸಿ ಹಕ್ಕಿಗಳನ್ನೇ ನಿಧಾನವಾಗಿ ಕಲಿಯಿರಿ.

ರಜೆಯಲ್ಲಿ ಕಡೇ ದಿನ ಬಿದ್ದರೆ ಲಿಮಿಟೇಷನ್ ಆ್ಯಕ್ಟ್ 4ನೇ ಕಲಮಿನಂತೆ ಕೋರ್ಟ್ ತೆರೆದ ದಿನ ಸಲ್ಲಿಸಬಹುದು. ತೆರೆದ ದಿನ ಎಂದರೆ ಅದೊಂದೇ ದಿನ, ಆ ವಾರ ಅಲ್ಲ. ಅಂಥ ಕಡತಗಳ ಆಫೀಸಿನ ದಿನವನ್ನು ರಜೆ ಶುರುವಾಗುವ ಮುಂಚಿನ ವಾರಕ್ಕೇ ಬರೆದು ಮುಗಿಸಿ ಹೋಗಿ. ಫೋನಿನ ವಿಷಯ: ಕೆರೆಯಲ್ಲಿರುವ ಹೊತ್ತು ಜೂನಿಯರ್ ಮತ್ತು ಮನೆಯವರ ಕರೆಗೆ ಮಾತ್ರ ಸದ್ದು ಬರುವಂತೆ ಸೆಟ್ ಮಾಡಿ. ಕಕ್ಷಿದಾರರಿಗೆ ಎಂಟೂವರೆಯ ನಂತರ ಸಿಗುವುದಾಗಿ ಒಮ್ಮೆ ಹೇಳಿಟ್ಟರೆ ಹದಿನೈದು ದಿನದಲ್ಲಿ ಎಲ್ಲರೂ ಹೊಂದಿಕೊಳ್ಳುತ್ತಾರೆ.

ಹೊಸಕೋಟು

ಹಾಗಾದರೆ ಮಂಗಳವಾರ, ಶುಕ್ರವಾರ ಎಂದು ಡೈರಿಯಲ್ಲೇ ಬರೆಯುತ್ತೇನೆ. ಆರೂಕಾಲಿಗೆ ಪೂರ್ವದ ದಂಡೆ, ಏಳೂಮುಕ್ಕಾಲಿಗೆ ಎದ್ದು ಹೊರಡುವುದು, ಎಂಟೂವರೆಗೆ ಚೀಟಿ ನೋಡುವುದು. ಕೊನೆಯದೊಂದು ಪ್ರಶ್ನೆ: ಮಳೆಗಾಲದಲ್ಲಿ ದುರ್ಬೀನಿನ ಗಾಜಿನ ಒಳಗೆ ಜೇಡರ ಬಲೆಯಂತೆ ಏನೋ ಹಬ್ಬುತ್ತದೆ ಎನ್ನುತ್ತಾರಲ್ಲ, ಅದೇನು?

ಗುಳುಮುಳುಕ

ಬೂಷ್ಟು. ತೇವ ಒಳಗೆ ಉಳಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ, ಒಮ್ಮೆ ಹಬ್ಬಿದರೆ ಬಿಚ್ಚಿ ತೆಗೆಸಬೇಕು, ಕಲೆ ಉಳಿಯುತ್ತದೆ. ಒದ್ದೆಯಾಗಿ ಬಂದ ದಿನ ಚೀಲಕ್ಕೆ ಹಾಕಬೇಡಿ, ಫ್ಯಾನಿನ ಕೆಳಗೆ ಒಣಗಿಸಿ. ಆಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜಾತಿಯ ಜೆಲ್ ತೆಗೆದುಕೊಂಡರೆ ತೇವ ಹೀರಿದ್ದು ಕಣ್ಣಿಗೇ ಕಾಣುತ್ತದೆ, ಆಗ ಬಿಸಿ ಮಾಡಿ ಮತ್ತೆ ಬಳಸಬಹುದು. ಚರ್ಮದ ಚೀಲದಲ್ಲಿ, ಬೀರುವಿನ ಬಟ್ಟೆಗಳ ನಡುವೆ ಇಡಬೇಡಿ. ಗಾಜು ಒರೆಸುವಾಗ ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಲೆನ್ಸ್ ಬಟ್ಟೆ. ಅಂಗಿಯ ತುದಿಯಿಂದ ಒರೆಸಿದರೆ ಕೆರೆಯ ಸಣ್ಣ ಮರಳು ಗಾಜಿನ ಮೇಲೆ ಗೀರು ಎಳೆಯುತ್ತದೆ.